ಮನೆಯೊಳಗಿನ ಆಕಾಶವಾಣಿ

ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಪ್ರಸಾರಯಂತ್ರವನ್ನು ಸ್ಥಾಪಿಸಿ ಊರಿನವರಿಗೆ ಗಾಯನವನ್ನೂ ಭಾಷಣವನ್ನೂ ಕೇಳಿಸತೊಡಗಿದರೆಂಬುದೂ, ಆ ನಿಲಯಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಅಖಿಲ ಭಾರತದ ಬಾನುಲಿಗೂ ಸಂದಿತೆಂಬುದೂ ಕನ್ನಡಿಗರು ಹೆಮ್ಮೆಯಿಂದ ನೆನೆಯುವ ಸಂಗತಿಗಳು. ವಾಸದ ಮನೆಯೊಂದು ನಾದದ ನಿಲಯವೂ ಆಗಬಹುದೆಂಬ ಆ ಭಾವನೆ ಅಂದು ಸಾಹಸವೆನ್ನಿಸಿತ್ತು. ಇಂದು ಮ್ಯೂಸಿಕ್ ಸರ್ವರ್ ಮತ್ತು ಸ್ಟ್ರೀಮರ್ ಎಂಬ ಎರಡು ಉಪಕರಣಗಳ ನೆರವಿನಿಂದ, ಸಂಗೀತದಲ್ಲಿ ಆಸಕ್ತಿಯುಳ್ಳ ಸಾಮಾನ್ಯ ಗೃಹಸ್ಥನಿಗೂ ಅದು ಸಾಧ್ಯವಾಗಿದೆ.

ಅಂಗಡಿಯಲ್ಲಿ ಈ ಎರಡು ಹೆಸರುಗಳನ್ನೂ ಒಂದೇ ಉಸಿರಿನಲ್ಲಿ ಹೇಳುವ ರೂಢಿಯಿರುವುದರಿಂದ, ಕೊಳ್ಳಲು ಹೋದವರಿಗೆ ಮೊದಲಲ್ಲಿಯೇ ಬುದ್ಧಿ ಮಸುಕಾಗುತ್ತದೆ. ಬಾನುಲಿಯ ದೃಷ್ಟಾಂತವನ್ನೇ ಹಿಡಿದರೆ ವಿಷಯ ತಿಳಿಯಾಗುವುದು. ಧ್ವನಿಮುದ್ರಿಕೆಗಳನ್ನೆಲ್ಲ ಕಾಪಿಟ್ಟುಕೊಂಡು, ಅವುಗಳ ಹೆಸರು ವಿವರಗಳನ್ನು ಬಲ್ಲದಾಗಿ, ಕೇಳಿದ ಕೂಡಲೆ ಕೇಳಿದ್ದನ್ನು ಕಳುಹಿಸಿಕೊಡುವುದು ಸರ್ವರ್, ಅದು ನಿಲಯ. ಹಾಗೆ ಬಂದದ್ದನ್ನು ಸ್ವೀಕರಿಸಿ ಆಂಪ್ಲಿಫೈಯರಿಗೂ ಸ್ಪೀಕರಿಗೂ ಒಪ್ಪಿಸುವುದು ಸ್ಟ್ರೀಮರ್. ಅದು ಹಜಾರದ ಗೂಡಿನಲ್ಲಿರುತ್ತಿದ್ದ ರೇಡಿಯೋ ಪೆಟ್ಟಿಗೆ. ನಿಲಯವೊಂದಿದ್ದರೆ ಪೆಟ್ಟಿಗೆಗಳು ಎಷ್ಟಾದರೂ ಇರಬಹುದು, ಹಳೆಯದು ಹೋಗಿ ಹೊಸದು ಬರಬಹುದು. ನಿಲಯವೇ ಕೆಟ್ಟರೆ ಎಂಥ ಬೆಲೆಯ ಪೆಟ್ಟಿಗೆಯೂ ಮೂಕ. ಆದರೂ ನಮ್ಮ ಜನ ಹಣವನ್ನೆಲ್ಲ ಪೆಟ್ಟಿಗೆಯ ಮೇಲೆ ಸುರಿದು ನಿಲಯವನ್ನು ಅದೃಷ್ಟಕ್ಕೆ ಬಿಡುವುದನ್ನು ಅನೇಕ ಮನೆಗಳಲ್ಲಿ ಕಂಡು ನಾನು ನೊಂದಿದ್ದೇನೆ.

ಮನೆಯಲ್ಲಿ ಇಂಥ ನಿಲಯವನ್ನು ಕಟ್ಟುವ ಕಾರ್ಯ ನನ್ನ ಪಾಲಿಗೆ ಒದಗಿಬಂದದ್ದು ಸೋದರಮಾವನವರು ತೀರಿಕೊಂಡ ಮೇಲೆ. ಅವರು ಬಿಟ್ಟುಹೋದ ಆಸ್ತಿಯೆಂದರೆ ಸುಮಾರು ಆರುನೂರು ಸಿ.ಡಿ.ಗಳು, ಎರಡು ಟ್ರಂಕುಗಳಷ್ಟು ಕ್ಯಾಸೆಟ್ಟುಗಳು, ಮತ್ತು ಪೆನ್ಸಿಲಿನಲ್ಲಿ ಬರೆದ ಮೂರು ನೋಟುಪುಸ್ತಕಗಳು. ಮಳೆಗಾಲವೊಂದನ್ನು ಪೂರ್ತಿಯಾಗಿ ಈ ತಟ್ಟೆಗಳನ್ನು ಕಂಪ್ಯೂಟರಿಗೆ ಇಳಿಸುವುದರಲ್ಲಿ ಕಳೆದೆ. ಇಳಿಸುವುದೆಂದರೆ ಸುಮ್ಮನೆ ನಕಲು ಮಾಡುವುದಲ್ಲ. ಗೀಚುಬಿದ್ದ ತಟ್ಟೆಯನ್ನು ಯಂತ್ರ ತಪ್ಪಾಗಿ ಓದಿ, ಕಾಣೆಯಾದ ಭಾಗವನ್ನು ತಾನೇ ಊಹಿಸಿ ತುಂಬಿಬಿಡುವುದುಂಟು. ಒಂದೊಂದು ಭಾಗವನ್ನೂ ಮರಳಿ ಓದಿ ತಾಳೆನೋಡುವ ಎಕ್ಸ್ಯಾಕ್ಟ್ ಆಡಿಯೋ ಕಾಪಿಯಂಥ ತಂತ್ರಾಂಶವನ್ನು ಬಳಸಿದರೆ, ಬಂದದ್ದು ಶುದ್ಧವೋ ಅಶುದ್ಧವೋ ಎಂಬುದು ಆಗಿಂದಾಗ್ಗೆ ತಿಳಿಯುತ್ತದೆ. ಈ ಕೆಲಸದಲ್ಲಿ ತ್ವರೆ ಮಾಡಿದವನು ಎರಡನೆಯ ಸಲ ಎಲ್ಲವನ್ನೂ ಮಾಡಬೇಕಾಗುತ್ತದೆ.

ಸಂಗ್ರಹಕ್ಕೆ ಬೇಕಾಗುವ ಸ್ಥಳದ ವಿಷಯದಲ್ಲಿ ಜನರಿಗೆ ಅಕಾರಣವಾದ ಭಯವಿದೆ. ಸಿ.ಡಿ.ಯಲ್ಲಿ ನಾದವನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿರುತ್ತಾರೆ. ಎಡ ಬಲ ಎರಡೂ ಕೂಡಿ ಒಂದು ನಿಮಿಷದ ಸಂಗೀತಕ್ಕೆ ಹತ್ತು ಮೆಗಾಬೈಟಿಗಿಂತ ಸ್ವಲ್ಪ ಹೆಚ್ಚು. 2001ರಲ್ಲಿ ಹೊರಬಂದ ಫ್ಲ್ಯಾಕ್ ಎಂಬ ರೂಪ ಇದನ್ನು ಹೆಚ್ಚುಕಡಮೆ ಅರ್ಧಕ್ಕೆ ಮಡಿಸಿಡುತ್ತದೆ. ಬಿಚ್ಚಿದಾಗ ಮೂಲದ ಒಂದು ಬಿಟ್ ಕೂಡ ಲೋಪವಾಗಿರುವುದಿಲ್ಲ. ಎಂಪಿ3ಯಾದರೋ ಕಿವಿಗೆ ಕೇಳಿಸದೆಂದು ತಾನು ತೀರ್ಮಾನಿಸಿದ್ದನ್ನು ತೆಗೆದುಹಾಕಿಯೇ ಚಿಕ್ಕದಾಗುವುದು. ತೆಗೆದದ್ದು ಮರಳಿ ಬಾರದು. ಈ ಲೆಕ್ಕದಲ್ಲಿ ಮಾವನವರ ಆರುನೂರು ತಟ್ಟೆಗಳೂ ಒಂದು ಟೆರಾಬೈಟಿನ ಡಿಸ್ಕಿನ ಕಾಲುಭಾಗದಲ್ಲಿ ಅಡಗಿಹೋದವು. ಹೀಗಿರಲು ಸ್ಥಳವನ್ನು ಉಳಿಸುವುದಕ್ಕಾಗಿ ನಾದವನ್ನು ಕತ್ತರಿಸುವ ಅಗತ್ಯವೇ ಇಲ್ಲ.

ನಿಜವಾದ ತೊಡಕಿರುವುದು ಹೆಸರಿನಲ್ಲಿ. ಸರ್ವರ್ ತಂತ್ರಾಂಶಗಳು ಬಹುಮಟ್ಟಿಗೆ ಪಾಶ್ಚಾತ್ಯ ಜನಪ್ರಿಯ ಗೀತೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿತವಾದವು. ಅವುಗಳ ಕಣ್ಣಿಗೆ ಪ್ರಪಂಚದ ಸಂಗೀತವೆಲ್ಲ ಕಲಾವಿದ, ಆಲ್ಬಮ್, ಹಾಡು ಎಂಬ ಮೂರು ಕೋಣೆಗಳಲ್ಲಿ ಅಡಗಬೇಕು. ನಮ್ಮ ಕಛೇರಿಗೋ ಗಾಯಕನಿದ್ದಾನೆ, ಪಿಟೀಲಿನವನಿದ್ದಾನೆ, ಮೃದಂಗದವನಿದ್ದಾನೆ. ಕೃತಿಗೆ ವಾಗ್ಗೇಯಕಾರನಿದ್ದಾನೆ, ರಾಗವಿದೆ, ತಾಳವಿದೆ. ಏಳು ತಂತಿಯ ಪಿಟೀಲಿನಿಂದ ಪ್ರಖ್ಯಾತರಾದ ಟಿ. ಚೌಡಯ್ಯನವರು ಯಾರು ಯಾರಿಗೆ ಪಕ್ಕವಾದ್ಯ ನುಡಿಸಿರುವರೋ ಆ ಮುದ್ರಿಕೆಗಳನ್ನೆಲ್ಲ ಒಟ್ಟಿಗೆ ತೋರು ಎಂದು ಕೇಳಿದರೆ, ತೋಡಿಯ ಆಲಾಪನೆಗಳನ್ನೆಲ್ಲ ಸಾಲಾಗಿ ಇಡು ಎಂದು ಕೇಳಿದರೆ ಉತ್ತರಿಸಬಲ್ಲ ಸರ್ವರೇ ನಮಗೆ ಸರ್ವರ್. ಸುದೈವದಿಂದ ಫ್ಲ್ಯಾಕ್ ಕಡತದೊಳಗೆ ನಮಗೆ ಬೇಕಾದ ಹೆಸರಿನ ಅಂಕಣಗಳನ್ನು ನಾವೇ ಸೇರಿಸಿಕೊಳ್ಳಬಹುದು. ರಾಗಕ್ಕೊಂದು, ತಾಳಕ್ಕೊಂದು, ಪಕ್ಕವಾದ್ಯಕ್ಕೊಂದು ಎಂದು ನಾನು ಸೇರಿಸಿದ್ದೇನೆ. ಆದರೆ ಕಡತದಲ್ಲಿ ಬರೆದದ್ದನ್ನೆಲ್ಲ ಪ್ರತಿಯೊಂದು ಸರ್ವರೂ ಓದಿ ತೋರಿಸುವುದೆಂಬ ಭರವಸೆಯಿಲ್ಲವಾದ್ದರಿಂದ, ಕೊಳ್ಳುವುದಕ್ಕೆ ಮೊದಲು ಇಂಥ ಹತ್ತು ಕಡತಗಳನ್ನು ಒಯ್ದು ಅಂಗಡಿಯಲ್ಲಿಯೇ ಪರೀಕ್ಷಿಸುವುದು ಉಚಿತ. ಆ ಹತ್ತರಲ್ಲಿ ಎರಡರ ಹೆಸರು ಕನ್ನಡ ಲಿಪಿಯಲ್ಲಿರಲಿ. ಕೆಲವು ಯಂತ್ರಗಳು ಕನ್ನಡವನ್ನು ಕಂಡೊಡನೆ ಬರಿಯ ಚೌಕಗಳ ಸಾಲನ್ನು ಬರೆದು ಸುಮ್ಮನಾಗುತ್ತವೆ. ಒತ್ತಕ್ಷರಗಳನ್ನು ಬಿಡಿಬಿಡಿಯಾಗಿ ಚೆಲ್ಲುವಂಥವೂ ಇವೆ. ನಮ್ಮ ಲಿಪಿಯನ್ನು ಬಾರದೆಂದು ಬದಿಗಿಡುವ ಯಂತ್ರಕ್ಕೆ ನಮ್ಮ ಹಣವನ್ನು ಕೊಡಬೇಕಾದ ಕಾರಣ ನನಗೆ ಕಾಣದು.

ಇಂಗ್ಲಿಷ್ ಲಿಪಿಯಲ್ಲಿ ಬರೆದಿಟ್ಟರೂ ಪಾರಾಗುವುದಿಲ್ಲ. ತ್ಯಾಗರಾಜರ ಹೆಸರನ್ನು ಕೆಲವು ಕಂಪನಿಗಳು ‘ಟಿ, ವೈ’ ಎಂದು ಆರಂಭಿಸಿದರೆ, ಕೆಲವು ನಡುವೆ ‘ಎಚ್’ ಸೇರಿಸುತ್ತವೆ, ಮತ್ತೆ ಕೆಲವು ‘ವೈ’ಗೆ ಬದಲು ‘ಐ’ ಬಳಸುತ್ತವೆ; ಯಂತ್ರಕ್ಕೆ ಅವರು ಮೂವರು ಬೇರೆ ಬೇರೆ ವಾಗ್ಗೇಯಕಾರರು. ದೀಕ್ಷಿತರಿಗೂ ಖರಹರಪ್ರಿಯಕ್ಕೂ ಇದೇ ಅವಸ್ಥೆ. ಮಾವನವರ ಸಂಗ್ರಹದಲ್ಲಿ ತ್ಯಾಗರಾಜರು ಐದು ಕಡೆ ಹರಿದು ಹಂಚಿಹೋಗಿದ್ದರು. ಅವರನ್ನು ಒಂದುಗೂಡಿಸಲು ನನಗೆ ಒಂದು ವಾರ ಹಿಡಿಯಿತು, ಮತ್ತು ಆ ವಾರದಲ್ಲಿ ಪೆನ್ಸಿಲಿನ ನೋಟುಪುಸ್ತಕಗಳು ತೋರಿದಷ್ಟು ದಾರಿಯನ್ನು ಯಾವ ತಂತ್ರಾಂಶವೂ ತೋರಲಿಲ್ಲ. ಚಂದಾ ಕೊಟ್ಟು ಪಡೆಯುವ ತಂತ್ರಾಂಶಗಳು ಮುಖಚಿತ್ರ, ಜೀವನಚರಿತ್ರೆ, ವಿಮರ್ಶೆಗಳನ್ನು ತಾವೇ ತಂದು ಜೋಡಿಸುತ್ತವೆಂಬುದು ನಿಜ. ಆದರೆ ಆ ಸಿರಿ ಮುಖ್ಯವಾಗಿ ಪಾಶ್ಚಾತ್ಯ ಸಂಗೀತದ್ದು. ಬೆಟ್ಟದಷ್ಟು ಚಂದಾ ತೆತ್ತರೂ ನಮ್ಮ ಕಛೇರಿಯ ವಿವರಗಳನ್ನು ನಾವೇ ಕುಳಿತು ಬರೆಯಬೇಕು.

ಇನ್ನು ಬಾಳಿಕೆಯ ಮಾತು. ಮೊದಲು ನಾನು ಕೊಂಡದ್ದು ಸರ್ವರ್, ಸ್ಟ್ರೀಮರ್ ಎರಡನ್ನೂ ಒಳಗೊಂಡ, ನೋಡಲು ಸುಂದರವಾದ ಒಂದು ಮುಚ್ಚಿದ ಪೆಟ್ಟಿಗೆಯನ್ನು. ನಾಲ್ಕು ವರ್ಷ ತುಂಬುವಷ್ಟರಲ್ಲಿ ತಯಾರಕರು ಅದರ ಕೈಬಿಟ್ಟರು. ಹೊಸ ಫೋನುಗಳಲ್ಲಿ ಅದರ ಆ್ಯಪ್ ತೆರೆಯದಾಯಿತು. ನಾನು ಅಷ್ಟು ಶ್ರಮದಿಂದ ತಿದ್ದಿದ ಹೆಸರುಗಳನ್ನು ಅದು ಕಡತಗಳೊಳಗೆ ಬರೆಯದೆ ತನ್ನದೇ ಗುಪ್ತವಾದ ಕೋಶದಲ್ಲಿ ಇಟ್ಟುಕೊಂಡಿದ್ದುದರಿಂದ ಅವೂ ಹೊರಬರಲಿಲ್ಲ. ಮೇಲೆ ಹೇಳಿದ ಆ ವಾರದ ದುಡಿಮೆಯನ್ನು ನಾನು ಎರಡು ಬಾರಿ ಮಾಡಿದೆನೆಂದರೆ ಓದುಗರು ನನ್ನ ಸಂಕಟವನ್ನು ಊಹಿಸಬಲ್ಲರು.

ಇದಕ್ಕೆ ಪ್ರತಿಯಾಗಿ ನಿಲ್ಲುವ ಒಂದು ಇತಿಹಾಸ ಸ್ಕ್ವೀಜ್‌ಬಾಕ್ಸಿನದು. ಸ್ಲಿಮ್ ಡಿವೈಸಸ್ ಎಂಬ ಚಿಕ್ಕ ಸಂಸ್ಥೆ ಆರಂಭಿಸಿದ ಈ ಸ್ಟ್ರೀಮರುಗಳನ್ನು 2006ರಲ್ಲಿ ಲಾಜಿಟೆಕ್ ಕೊಂಡಿತು, 2012ರಲ್ಲಿ ತಯಾರಿಕೆಯನ್ನು ನಿಲ್ಲಿಸಿತು. ಅಲ್ಲಿಗೆ ಕಥೆ ಮುಗಿಯಬೇಕಾಗಿತ್ತು. ಆದರೆ ಅದರ ಸರ್ವರ್ ತಂತ್ರಾಂಶ ಎಲ್ಲರಿಗೂ ತೆರೆದ ಮೂಲದ್ದಾಗಿದ್ದುದರಿಂದ, ಬಳಸುವವರೇ ಅದನ್ನು ಕೈಗೆತ್ತಿಕೊಂಡು, ತಿದ್ದಿ, ಬೆಳೆಸಿ, ಇಂದು ಲಿರಿಯಾನ್ ಎಂಬ ಹೆಸರಿನಿಂದ ನಡೆಸುತ್ತಿದ್ದಾರೆ; ಹಳೆಯ ಪೆಟ್ಟಿಗೆಗಳು ಇಂದಿಗೂ ಅದರ ಮಾತನ್ನು ಕೇಳಿ ಹಾಡುತ್ತವೆ. ನನ್ನ ಮನೆಯ ನಿಲಯವೂ ಈಗ ಅದೇ: ಹಳೆಯದೊಂದು ಚಿಕ್ಕ ಕಂಪ್ಯೂಟರು, ಒಳಗೆ ಫ್ಯಾನಿಲ್ಲದೆ ನಿಶ್ಶಬ್ದವಾಗಿ ಪುಸ್ತಕದ ಬೀರುವಿನಲ್ಲಿ ಕುಳಿತಿದೆ. ಹೆಸರುಗಳೆಲ್ಲ ಈ ಸಲ ಕಡತಗಳೊಳಗೇ ಇವೆ. ನಾಳೆ ಲಿರಿಯಾನ್ ಇಲ್ಲವಾದರೂ ಅವು ಇರುತ್ತವೆ.

ಸ್ಟ್ರೀಮರಿನ ಆಯ್ಕೆಯಲ್ಲಿ ನಾನು ಕಟ್ಟುನಿಟ್ಟಾಗಿ ನೋಡುವ ಗುಣ ಒಂದೇ: ಒಂದು ಭಾಗ ಮುಗಿದು ಇನ್ನೊಂದು ಆರಂಭವಾಗುವಲ್ಲಿ ಅದು ಎಳ್ಳಷ್ಟೂ ಮೌನವನ್ನು ಸೇರಿಸಬಾರದು. ಇಂಥ ಮೌನ ಎಷ್ಟು ಕಾಡುವುದೆಂಬುದಕ್ಕೆ ಹಿಂದಿನ ಕಾಲದ ಒಂದು ಉದಾಹರಣೆ ಸಾಕು. ಪಾಶ್ಚಾತ್ಯ ಸಂಗೀತದಲ್ಲಿ ಅಪಾರ ಆಸಕ್ತಿಯಿದ್ದ ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರು 1949ರಲ್ಲಿ ಲಂಡನ್ನಿನಲ್ಲಿ ಮೆಡ್ಟ್ನರ್ ಸೊಸೈಟಿಯನ್ನು ಸ್ಥಾಪಿಸಿ, ರಷ್ಯದ ನಿಕೊಲಾಯ್ ಮೆಡ್ಟ್ನರ್ ಎಂಬ ಮಹಾನುಭಾವ ತನ್ನ ಕೃತಿಗಳನ್ನು ತಾನೇ ನುಡಿಸಿ ಮುದ್ರಿಸುವುದಕ್ಕೆ ಧನಸಹಾಯವಿತ್ತರು. ಎರಡು ವರ್ಷದಲ್ಲಿ ಆ ಸಂಯೋಜಕ ತೀರಿಕೊಂಡನಾದ್ದರಿಂದ, ಮೈಸೂರಿನ ಔದಾರ್ಯವಿಲ್ಲದಿದ್ದರೆ ಆತನ ಕೈಯ ನಾದ ಬಹುಪಾಲು ಆತನೊಡನೆಯೇ ಹೋಗುತ್ತಿತ್ತು. ಅಂದಿನ ಅರಗಿನ ತಟ್ಟೆಗಳ ಒಂದು ಮಗ್ಗುಲು ಓಡುತ್ತಿದ್ದುದು ನಾಲ್ಕೈದು ನಿಮಿಷ. ಆದುದರಿಂದ ಒಂದು ಕಾನ್ಚೆರ್ಟೋವನ್ನು ಕೇಳಬೇಕಾದವನು ಮತ್ತೆ ಮತ್ತೆ ಎದ್ದು, ತಟ್ಟೆ ತಿರುವಿ, ಮುಳ್ಳನ್ನಿಟ್ಟು, ಕಡಿದ ಎಳೆಯನ್ನು ಮನಸ್ಸಿನಲ್ಲಿಯೇ ಗಂಟುಹಾಕಿಕೊಳ್ಳಬೇಕಾಗಿತ್ತು. ಆ ಕಷ್ಟವನ್ನು ದಾಟಿ ಬಂದಿರುವ ನಾವು, ವಿಲಂಬಿತ ಖಯಾಲು ದ್ರುತಕ್ಕೆ ಹೊರಳುವ ಕ್ಷಣದಲ್ಲಿ, ತಾನವು ಪಲ್ಲವಿಗೆ ಇಳಿಯುವ ಕ್ಷಣದಲ್ಲಿ, ತಂಬೂರಿಯ ಶ್ರುತಿಯನ್ನು ಕತ್ತಿಯಿಂದ ಕೊಯ್ದಂತೆ ಅರ್ಧ ಸೆಕೆಂಡು ನಿಲ್ಲಿಸುವ ಯಂತ್ರವನ್ನು ಏಕೆ ಸಹಿಸಬೇಕು? ಈ ದೋಷ ದುಬಾರಿ ಯಂತ್ರಗಳಲ್ಲಿಯೂ ಇರುವುದುಂಟು. ರಾಗಮಾಲಿಕೆಯೊಂದು ಎರಡು ಕಡತಗಳಾಗಿ ಒಡೆದಿರುವ ಮುದ್ರಿಕೆಯನ್ನು ಒಯ್ದು ಕೇಳಿ ನೋಡಬೇಕು. ಎರಡು ನಿಮಿಷದಲ್ಲಿ ಸತ್ಯ ಗೊತ್ತಾಗುತ್ತದೆ.

ಉಳಿದವು ಸಣ್ಣ ವಿಷಯಗಳು. ಸಿ.ಡಿ. ಗುಣಮಟ್ಟದ ಸಂಗೀತಕ್ಕೆ ಸೆಕೆಂಡಿಗೆ 1.4 ಮೆಗಾಬಿಟ್ ಸಾಕಾದುದರಿಂದ ವೈ-ಫೈ ಧಾರಾಳವಾಯಿತು, ಆದರೆ ಮಲೆನಾಡು ಕರಾವಳಿಗಳ ಹಳೆಯ ಮನೆಗಳ ದಪ್ಪ ಗೋಡೆಗಳು ಅದನ್ನು ನುಂಗುವುದರಿಂದ ಅಲ್ಲಿ ತಂತಿ ಎಳೆಯುವುದೇ ಲೇಸು. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನ ಮೇಲೆ, ಅಂಕಿಗಳನ್ನು ಮರಳಿ ನಾದದ ಸಂಕೇತವಾಗಿಸುವ ಡ್ಯಾಕ್ ಎಂಬ ಫಲಕವನ್ನು ಕೂರಿಸಿಕೊಂಡರೆ ಉತ್ತಮವಾದ ಸ್ಟ್ರೀಮರೊಂದು ಅಲ್ಪ ವೆಚ್ಚದಲ್ಲಿ ಸಿದ್ಧವಾಗುತ್ತದೆ. ವಿದ್ಯುತ್ತು ಹಠಾತ್ತನೆ ಹೋದಾಗ ಅದರ ಮೆಮೊರಿ ಕಾರ್ಡು ಕೆಡುವ ಅಪಾಯವಿರುವುದರಿಂದ ಚಿಕ್ಕ ಯು.ಪಿ.ಎಸ್. ಒಂದನ್ನು ಜೊತೆಗಿಡಬೇಕು. ಮನೆಯ ಹಿರಿಯರು ಫೋನಿನ ತೆರೆಯನ್ನು ತೀಡದೆ ಒಂದು ಗುಂಡಿಯನ್ನು ಒತ್ತಿ ಬೆಳಗಿನ ದೇವರನಾಮವನ್ನು ಕೇಳುವಂತಿರಬೇಕು. ನನ್ನ ಸೋದರತ್ತೆಯವರಿಗಾಗಿ ನಾನು ಮಾಡಿಸಿದ ಮೊದಲ ವ್ಯವಸ್ಥೆ ಅದೇ.

ಹೈ-ರೆಸಲ್ಯೂಷನ್ ಎಂಬ ಹೆಸರಿನಿಂದ 24 ಬಿಟ್, 192 ಕಿಲೋಹರ್ಟ್ಸ್ ಮುಂತಾದ ಸಂಖ್ಯೆಗಳನ್ನು ತೋರಿಸಿ ಬೆಲೆ ಏರಿಸುವವರ ಮಾತಿಗೆ ಮರುಳಾಗಬೇಕಾಗಿಲ್ಲ. 2007ರಲ್ಲಿ ಅಮೆರಿಕದ ಮೇಯರ್ ಮತ್ತು ಮೊರನ್ ಎಂಬಿಬ್ಬರು ಉನ್ನತ ಮಟ್ಟದ ಮುದ್ರಿಕೆಯನ್ನೂ ಅದನ್ನೇ ಸಿ.ಡಿ.ಯ ಅಳತೆಗೆ ಇಳಿಸಿದ್ದನ್ನೂ, ಯಾವುದು ಯಾವುದೆಂದು ತಿಳಿಸದೆ ಕೇಳಿಸಿದರು. 554 ಪರೀಕ್ಷೆಗಳಲ್ಲಿ ಸರಿಯುತ್ತರ ಬಂದದ್ದು 276. ಕಣ್ಣುಮುಚ್ಚಿ ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು. ಆ ಹಣವನ್ನು ಸ್ಪೀಕರಿಗೂ, ಕೋಣೆಯ ಪ್ರತಿಧ್ವನಿಯನ್ನು ತಗ್ಗಿಸುವ ಜಮಖಾನೆ ಪರದೆಗಳಿಗೂ ಹಾಕುವುದು ವಿವೇಕ. ಹಾಗೂ ಎರಡನೆಯ ಡಿಸ್ಕೊಂದಕ್ಕೆ. ನನ್ನ ಸಂಗ್ರಹದ ಪೂರ್ಣ ಪ್ರತಿಯೊಂದು ಶಿವಮೊಗ್ಗೆಯಲ್ಲಿ ತಂಗಿಯ ಮನೆಯ ಕಪಾಟಿನಲ್ಲಿದೆ. ಯುಗಾದಿಗೂ ದೀಪಾವಳಿಗೂ ಅಲ್ಲಿಗೆ ಹೋದಾಗ ಹೊಸದನ್ನು ಸೇರಿಸಿ ಬರುತ್ತೇನೆ.

ಕ್ಯಾಸೆಟ್ಟುಗಳ ಕೆಲಸ ಇನ್ನೂ ಮುಗಿದಿಲ್ಲ. ಬಾನುಲಿಯಿಂದ ಮಾವನವರು ಮುದ್ರಿಸಿಕೊಂಡವು ಅವು, ಬೇರೆಲ್ಲಿಯೂ ದೊರೆಯತಕ್ಕವಲ್ಲ. ಅದರಲ್ಲೊಂದರ ಮೇಲೆ ‘ಕಾಂಬೋಧಿ, ರಾತ್ರಿ’ ಎಂದಷ್ಟೇ ಬರೆದಿದೆ. ನಿರೂಪಕರ ಮಾತು ಆರಂಭವಾಗುವಷ್ಟರಲ್ಲಿ ಟೇಪು ಮುಗಿದಿದೆ. ಆಲಾಪನೆ ಇಪ್ಪತ್ತೆರಡು ನಿಮಿಷ, ಹೆಂಗಸಿನ ಕಂಠ, ವಯಸ್ಸಾದ ಕಂಠ. ಗಾಯಕಿ ಎಂಬ ಅಂಕಣದಲ್ಲಿ ಸದ್ಯಕ್ಕೆ ‘ತಿಳಿಯದು’ ಎಂದು ಬರೆದಿಟ್ಟಿದ್ದೇನೆ. ಹಳೆಯ ಕಛೇರಿಗಳನ್ನು ಬಲ್ಲ ವಿದ್ವಾಂಸರೊಬ್ಬರು ಮುಂದಿನ ಭಾನುವಾರ ಕೇಳಲು ಬರುತ್ತೇನೆಂದು ಹೇಳಿದ್ದಾರೆ.