ಎಳೆಯುವ ಶಕ್ತಿ ಬೇರೆ, ಹೊರುವ ಶಕ್ತಿ ಬೇರೆ: ಅಮೆರಿಕದ ‘ಟಾಯ್ ಹಾಲರ್’ ಖರೀದಿಯ ಲೆಕ್ಕಾಚಾರ

ಅಮೆರಿಕದಲ್ಲಿ ರಜಾದಿನಗಳ ಪ್ರವಾಸವು ದೊಡ್ಡದೊಂದು ತಯಾರಿಕಾ ಉದ್ಯಮವನ್ನೇ ಪೋಷಿಸುತ್ತಿದೆ. ಮಂಚ, ಅಡುಗೆಮನೆ, ಶೌಚಾಲಯಗಳನ್ನು ಒಳಗೊಂಡ ಗಾಲಿಮನೆಯನ್ನು ಪಿಕಪ್ ಟ್ರಕ್ಕಿಗೆ ಜೋಡಿಸಿಕೊಂಡು ಮರಳುಗಾಡು, ಕಾಡು, ಸರೋವರಗಳ ಕಡೆಗೆ ಹೊರಡುವುದು ಅಲ್ಲಿನ ಮಧ್ಯಮ ವರ್ಗದ ರೂಢಿ. ಇಂತಹ ಗಾಲಿಮನೆಗೆ ಟ್ರಾವೆಲ್ ಟ್ರೇಲರ್ ಎಂದು ಹೆಸರು. ಇದರದೇ ಒಂದು ವಿಶೇಷ ಪ್ರಭೇದ ‘ಟಾಯ್ ಹಾಲರ್’. ಮುಂಭಾಗದಲ್ಲಿ ವಾಸದ ಕೋಣೆ, ಹಿಂಭಾಗದಲ್ಲಿ ಗ್ಯಾರೇಜು. ಗ್ಯಾರೇಜಿನ ಹಿಂಬಾಗಿಲನ್ನು ಕೆಳಗಿಳಿಸಿದರೆ ಅದೇ ವಾಹನ ಹತ್ತಿಸುವ ಇಳಿಜಾರು ಹಲಗೆಯಾಗುತ್ತದೆ. ಇಲ್ಲಿ ‘ಟಾಯ್’ ಎಂದರೆ ಮಕ್ಕಳ ಆಟಿಕೆಯಲ್ಲ. ದೊಡ್ಡವರು ಮೋಜಿಗಾಗಿ ಓಡಿಸುವ ಮೋಟಾರ್ ಸೈಕಲ್ಲು, ಮರಳಿನಲ್ಲಿ ಓಡುವ ನಾಲ್ಕು ಚಕ್ರದ ಬಂಡಿ ಮುಂತಾದವು.

ಈ ಉದ್ಯಮದ ಕೇಂದ್ರ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಪ್ರದೇಶ. ದೊಡ್ಡ ಜೋಡಣಾ ಕಾರ್ಖಾನೆಗಳ ಸುತ್ತ ಅಚ್ಚು, ಕಿಟಕಿ, ಪೀಠೋಪಕರಣ, ವೈರಿಂಗ್ ಮುಂತಾದವುಗಳನ್ನು ಒದಗಿಸುವ ಪೂರಕ ಘಟಕಗಳು ಅಲ್ಲಿ ಬೆಳೆದಿವೆ. ಇದು ಏರಿಳಿತದ ವ್ಯಾಪಾರ. ತಯಾರಕರಿಂದ ಡೀಲರುಗಳಿಗೆ ರವಾನೆಯಾದ ಎಲ್ಲ ಬಗೆಯ ಪ್ರವಾಸಿ ವಾಹನಗಳ ಸಂಖ್ಯೆ 2009ರಲ್ಲಿ 1,65,700ಕ್ಕೆ ಕುಸಿದಿತ್ತು. 2021ರಲ್ಲಿ 6,00,240ರ ದಾಖಲೆ ಮುಟ್ಟಿತು. 2023ರ ವೇಳೆಗೆ ಮತ್ತೆ 3,13,174ಕ್ಕೆ ಇಳಿಯಿತು. ಇಂತಹ ಪೈಪೋಟಿಯ ಮಾರುಕಟ್ಟೆಯಲ್ಲಿ ಮಾರುವವನು ಯಾವ ಅಂಕಿಯನ್ನು ಮುಂದಿಡುತ್ತಾನೆ, ಕೊಳ್ಳುವವನು ಯಾವ ಅಂಕಿಯನ್ನು ನೋಡಬೇಕು ಎಂಬುದು ವರ್ತಕರೂ ತಯಾರಕರೂ ಗಮನಿಸತಕ್ಕ ಸಂಗತಿ. ಟಾಯ್ ಹಾಲರ್ ಮತ್ತು ಟ್ರಕ್ಕಿನ ಹೊಂದಾಣಿಕೆ ಇದಕ್ಕೆ ಒಳ್ಳೆಯ ನಿದರ್ಶನ.

ಎರಡು ಫಲಕಗಳು, ಹಲವು ಮಿತಿಗಳು

ಟ್ರಕ್ಕಿನ ಜಾಹೀರಾತಿನಲ್ಲಿ ಎದ್ದು ಕಾಣುವುದು ಎಳೆಯುವ ಸಾಮರ್ಥ್ಯ. ‘11,000 ಪೌಂಡ್ ಎಳೆಯಬಲ್ಲದು’ ಎಂಬ ಘೋಷಣೆಯನ್ನು ನೋಡಿ, 9,800 ಪೌಂಡ್ ಮಿತಿಯ ಟ್ರೇಲರನ್ನು ನಿಶ್ಚಿಂತೆಯಿಂದ ಕೊಳ್ಳಬಹುದು ಎಂದು ಗ್ರಾಹಕ ಭಾವಿಸುವುದು ಸಹಜ. (1 ಪೌಂಡ್ ಸುಮಾರು 454 ಗ್ರಾಂ.) ವಾಸ್ತವದಲ್ಲಿ ನೋಡಬೇಕಾದ ಅಂಕಿ ಜಾಹೀರಾತಿನಲ್ಲಿಲ್ಲ, ಅದು ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿದೆ. ‘ಪ್ರಯಾಣಿಕರ ಹಾಗೂ ಸರಕಿನ ಒಟ್ಟು ತೂಕ ಇಷ್ಟನ್ನು ಮೀರಬಾರದು’ ಎಂದು ಆ ನಿರ್ದಿಷ್ಟ ಟ್ರಕ್ಕಿಗೆ ಸಂಬಂಧಿಸಿದಂತೆಯೇ ಅಲ್ಲಿ ಮುದ್ರಿಸಲಾಗಿರುತ್ತದೆ. ಇದನ್ನು ಪೇಲೋಡ್ ಎನ್ನುತ್ತಾರೆ. ಒಂದೇ ಮಾದರಿಯ ಎರಡು ಟ್ರಕ್ಕುಗಳಲ್ಲಿ ಚರ್ಮದ ಆಸನ, ಗಾಜಿನ ಚಾವಣಿ, ನಾಲ್ಕು ಚಕ್ರದ ಚಾಲನೆ ಹೆಚ್ಚಿದಂತೆ ಪೇಲೋಡ್ ಕಡಿಮೆಯಾಗುತ್ತದೆ. ಅದ್ದೂರಿಯ ಟ್ರಕ್ಕು ಅನೇಕ ವೇಳೆ ಸಾದಾ ಟ್ರಕ್ಕಿಗಿಂತ ಕಡಿಮೆ ಹೊರುತ್ತದೆ.

ಟ್ರೇಲರ್ ಚಕ್ರಗಳ ಮೇಲೆ ನಿಂತಿರುವಾಗ ಅದರ ಪೂರ್ಣ ತೂಕ ಟ್ರಕ್ಕಿನ ಮೇಲೆ ಬೀಳುವುದಿಲ್ಲ, ನಿಜ. ಆದರೆ ಒಂದು ಅಂಶವು ಕೊಂಡಿಯ ಮೂಲಕ, ಎಂದರೆ ಹಿಚ್‌ನ ಮೂಲಕ, ಟ್ರಕ್ಕಿನ ಮೇಲೆ ಬಂದು ಕೂರುತ್ತದೆ. ಟ್ರಾವೆಲ್ ಟ್ರೇಲರುಗಳಲ್ಲಿ ಈ ಅಂಶ ಟ್ರೇಲರಿನ ತೂಕದ ಶೇ. 10ರಿಂದ 15ರಷ್ಟಿರಬೇಕು. ಟ್ರಕ್ಕಿನ ತೊಟ್ಟಿಯೊಳಗೇ ಕೊಂಡಿ ಹಾಕುವ ‘ಫಿಫ್ತ್ ವೀಲ್’ ಬಗೆಯಲ್ಲಿ ಇದು ಶೇ. 15ರಿಂದ 25ರವರೆಗೂ ಹೋಗುತ್ತದೆ. ಈ ಭಾರವು ಎಳೆಯುವ ಖಾತೆಗೆ ಸೇರುವುದಿಲ್ಲ, ಹೊರುವ ಖಾತೆಗೆ ಸೇರುತ್ತದೆ. ಇವಲ್ಲದೆ ಹಿಂದಿನ ಆಕ್ಸಲ್ಲಿಗೆ, ಹಿಚ್‌ಗೆ, ಟೈರುಗಳಿಗೆ, ಟ್ರಕ್ಕು ಹಾಗೂ ಟ್ರೇಲರ್ ಎರಡರ ಕೂಡಿದ ತೂಕಕ್ಕೆ ಪ್ರತ್ಯೇಕ ಮಿತಿಗಳಿವೆ.

ಇನ್ನೊಂದು ಫಲಕ ಟ್ರೇಲರಿನದು. ಪ್ರಚಾರ ಪುಸ್ತಿಕೆಯು ಖಾಲಿ ತೂಕವನ್ನು ಒತ್ತಿ ಹೇಳುತ್ತದೆ. ಅದರಲ್ಲಿ ನೀರಾಗಲಿ ಸಾಮಾನಾಗಲಿ ಇರುವುದಿಲ್ಲ. ಎರಡನೆಯ ಹವಾನಿಯಂತ್ರಕ, ಜನರೇಟರ್ ಮುಂತಾದ ಐಚ್ಛಿಕ ಸಲಕರಣೆಗಳೂ ಅನೇಕ ವೇಳೆ ಸೇರಿರುವುದಿಲ್ಲ. ಕಾರ್ಖಾನೆಯಿಂದ ಹೊರಬಿದ್ದ ಆ ಟ್ರೇಲರ್ ಎಷ್ಟು ಸರಕು ಹೊರಬಹುದು, ನೀರಿನ ತೊಟ್ಟಿ ತುಂಬಿದರೆ ಅದರಲ್ಲಿ ಎಷ್ಟು ಖರ್ಚಾಗುತ್ತದೆ ಎಂಬುದನ್ನು ತಿಳಿಸುವ ಚೀಟಿ ಅದರ ಬಾಗಿಲ ಬಳಿಯಲ್ಲೇ ಇರುತ್ತದೆ. ಕೊಳ್ಳುವವನು ಓದಬೇಕಾದುದು ಅದನ್ನು.

ಒಂದು ಮಾದರಿ ಲೆಕ್ಕ

ವಿಷಯದ ಸ್ಪಷ್ಟತೆಗಾಗಿ ಕಲ್ಪಿತ ಅಂಕಿಗಳ ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಟ್ರೇಲರಿನ ಖಾಲಿ ತೂಕ 6,600 ಪೌಂಡ್. ಅದರ ಗರಿಷ್ಠ ಒಟ್ಟು ತೂಕದ ಮಿತಿ 9,800 ಪೌಂಡ್. ಅದಕ್ಕೆ ತುಂಬುವ ಸಾಮಾನು ಹೀಗಿದೆ:

ನೀರು, 80 ಗ್ಯಾಲನ್ (ಗ್ಯಾಲನ್‌ಗೆ 8.34 ಪೌಂಡ್): 667
ಪೆಟ್ರೋಲ್, 30 ಗ್ಯಾಲನ್ (ಗ್ಯಾಲನ್‌ಗೆ ಸುಮಾರು 6.1 ಪೌಂಡ್): 183
ನಾಲ್ಕು ಚಕ್ರದ ಬಂಡಿ: 1,400
ಆಹಾರ, ಬಟ್ಟೆ, ಪಾತ್ರೆ ಇತ್ಯಾದಿ: 600
ಬ್ಯಾಟರಿ, ಕುರ್ಚಿ, ಸಲಕರಣೆ: 150
ಒಟ್ಟು ಸರಕು: 3,000
ತುಂಬಿದ ಟ್ರೇಲರ್: 9,600

ಟ್ರೇಲರ್ ತನ್ನ ಮಿತಿಯೊಳಗಿದೆ. ಟ್ರಕ್ಕಿನ ಎಳೆಯುವ ಸಾಮರ್ಥ್ಯ 11,000 ಆಗಿರುವುದರಿಂದ ಅಲ್ಲಿ 1,400 ಪೌಂಡಿನ ಉಳಿಕೆಯೂ ಇದೆ. ಇನ್ನು 1,650 ಪೌಂಡ್ ಪೇಲೋಡ್ ಇರುವ ಅದೇ ಟ್ರಕ್ಕಿನ ಹೊರುವ ಖಾತೆಯನ್ನು ನೋಡೋಣ:

ಹಿಚ್ ಮೇಲಿನ ಭಾರ, 9,600ರ ಶೇ. 13: 1,248
ಹಿಚ್ ಸಲಕರಣೆ: 100
ಚಾಲಕನೂ ಸೇರಿ ನಾಲ್ವರು: 600
ಟ್ರಕ್ಕಿನ ತೊಟ್ಟಿಯ ಸಾಮಾನು: 100
ಒಟ್ಟು: 2,048

ಮಿತಿಗಿಂತ 398 ಪೌಂಡ್ ಹೆಚ್ಚು. ಒಂದು ಖಾತೆಯಲ್ಲಿ ಸಾವಿರಕ್ಕೂ ಮೀರಿದ ಉಳಿಕೆ, ಇನ್ನೊಂದರಲ್ಲಿ ಕೊರತೆ. ವ್ಯಾಪಾರದ ಲೆಕ್ಕದಲ್ಲಿ ಒಂದು ಬಾಬಿನ ಲಾಭವನ್ನು ಮತ್ತೊಂದರ ನಷ್ಟಕ್ಕೆ ಹೊಂದಿಸಬಹುದು. ಭಾರದ ಲೆಕ್ಕದಲ್ಲಿ ಅಂತಹ ಹೊಂದಾಣಿಕೆಗೆ ಅವಕಾಶವಿಲ್ಲ. ಪ್ರತಿಯೊಂದು ಮಿತಿಯೂ ಪ್ರತ್ಯೇಕವಾಗಿ ಪಾಲನೆಯಾಗಬೇಕು. ಯಾವುದು ಮೊದಲು ತುಂಬುತ್ತದೆಯೋ ಅದೇ ಆ ಜೋಡಿಯ ನಿಜವಾದ ಸಾಮರ್ಥ್ಯ.

ಮಿತಿ ಮೀರಿದುದರ ಫಲ ಮೊದಲ ದಿನವೇ ಕಾಣಿಸದಿರಬಹುದು. ಟ್ರಕ್ಕು ಹೊರಡುತ್ತದೆ, ಎಂಜಿನ್ ಸಲೀಸಾಗಿ ಎಳೆಯುತ್ತದೆ. ಹಿಂಭಾಗ ಕುಸಿದು ಮುಂದಿನ ಚಕ್ರಗಳು ಹಗುರಾದಾಗ ಸ್ಟಿಯರಿಂಗ್ ಮತ್ತು ಬ್ರೇಕಿನ ಹಿಡಿತ ಕುಗ್ಗುತ್ತದೆ, ಟೈರುಗಳು ಕಾಯುತ್ತವೆ. ಘಾಟಿಯ ಇಳಿಜಾರಿನಲ್ಲಿ, ಅಡ್ಡಗಾಳಿಯಲ್ಲಿ, ಹಠಾತ್ತನೆ ಬ್ರೇಕು ಹಾಕಬೇಕಾದ ಕ್ಷಣದಲ್ಲಿ ಆ ಹೆಚ್ಚುವರಿ ಭಾರದ ಬೆಲೆ ತಿಳಿಯುತ್ತದೆ. ಆಗ ಅದನ್ನು ತೆರುವುದು ಟ್ರಕ್ಕಿನೊಳಗೆ ಕುಳಿತ ಕುಟುಂಬ.

ಗ್ಯಾರೇಜು ತರುವ ತೊಡಕು

ಸಾಮಾನ್ಯ ಟ್ರಾವೆಲ್ ಟ್ರೇಲರಿಗಿಂತ ಟಾಯ್ ಹಾಲರಿನಲ್ಲಿ ತೂಕದ ಹಂಚಿಕೆ ಸೂಕ್ಷ್ಮವಾದುದು. ಗ್ಯಾರೇಜು ಬಹುಮಟ್ಟಿಗೆ ಆಕ್ಸಲ್ಲಿನ ಹಿಂದೆ ಇರುತ್ತದೆ. ಅಲ್ಲಿ ಭಾರವಿಟ್ಟರೆ, ತಕ್ಕಡಿಯ ದಂಡದಂತೆ, ಮುಂದಿನ ಹಿಚ್ ಮೇಲಿನ ಭಾರ ಕಡಿಮೆಯಾಗುತ್ತದೆ. ಅದು ಶೇ. 10ಕ್ಕಿಂತ ಕೆಳಗಿಳಿದರೆ ವೇಗದಲ್ಲಿ ಟ್ರೇಲರಿನ ಹಿಂಭಾಗ ಅತ್ತಿತ್ತ ಓಲಾಡತೊಡಗುತ್ತದೆ. ಓಲಾಟ ಬಲಿತರೆ ಟ್ರಕ್ಕನ್ನೂ ಎಳೆದುಕೊಂಡು ಮಗುಚಬಹುದು. ಇದನ್ನು ತಡೆಯಲು ತಯಾರಕರು ಖಾಲಿ ಟ್ರೇಲರಿನಲ್ಲಿ ಮುಂಭಾಗದ ಭಾರವನ್ನು ಬೇಕೆಂದೇ ಹೆಚ್ಚಾಗಿ ಇಟ್ಟಿರುತ್ತಾರೆ. ಇದರಿಂದಾಗಿ ಗ್ಯಾರೇಜು ಖಾಲಿಯಿದ್ದಾಗಲೇ ಹಿಚ್ ಮೇಲೆ ಹೆಚ್ಚು ಭಾರ ಬೀಳುವುದುಂಟು. ಬಂಡಿಯಿರುವಾಗ ಒಮ್ಮೆ, ಇಲ್ಲದಿರುವಾಗ ಇನ್ನೊಮ್ಮೆ, ನೀರು ತುಂಬಿದಾಗ ಮತ್ತು ಬರಿದಾದಾಗ ಹೀಗೆ ಬೇರೆ ಬೇರೆ ಸ್ಥಿತಿಗಳಲ್ಲಿ ಲೆಕ್ಕ ಹಾಕುವುದು ಅವಶ್ಯಕ.

ಗ್ಯಾರೇಜಿನ ಅಳತೆಯೂ ಮುಖ್ಯ. ಪುಸ್ತಿಕೆಯಲ್ಲಿ ನಮೂದಾದ ಉದ್ದದಲ್ಲಿ ಕಪಾಟು, ಮಡಿಸಿದ ಮಂಚಗಳು ಆಕ್ರಮಿಸಿದ ಜಾಗವನ್ನು ಕಳೆದು ಉಳಿದ ನೆಲವನ್ನು ಟೇಪು ಹಿಡಿದು ಅಳೆಯಬೇಕು. ಇಳಿಜಾರು ಹಲಗೆಗೂ, ನೆಲಕ್ಕೆ ಕೂಡಿಸಿದ ಕಟ್ಟುಬಳೆಗಳಿಗೂ ತಮ್ಮದೇ ಭಾರಮಿತಿಗಳಿವೆ. ಪೆಟ್ರೋಲ್ ತುಂಬಿದ ಬಂಡಿಯ ಪಕ್ಕದಲ್ಲೇ ಮಲಗುವ ವ್ಯವಸ್ಥೆಯಿರುವುದರಿಂದ ಗಾಳಿಯಾಡುವ ಕಿಂಡಿಗಳು, ನಡುಗೋಡೆಯ ಬಿಗಿತ, ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆ ಗಂಟೆ ಇವುಗಳ ಪರೀಕ್ಷೆ ಅಲಂಕಾರಕ್ಕಿಂತ ಮೊದಲು ಆಗಬೇಕು.

ಕೊರತೆ ನೀಗಿಸುವ ದಾರಿಗಳು

ಮೇಲಿನ ಉದಾಹರಣೆಯ ಗ್ರಾಹಕನ ಮುಂದೆ ಮೂರು ದಾರಿಗಳಿವೆ. ಮೊದಲನೆಯದು, ಸಾಮಾನು ಕಡಿಮೆ ಮಾಡುವುದು. ನೀರನ್ನು ತಂಗುದಾಣದ ಹತ್ತಿರ ತುಂಬಿಕೊಂಡರೆ ಟ್ರೇಲರಿನ ತೂಕ 667 ಪೌಂಡಿನಷ್ಟು ಇಳಿಯುತ್ತದೆ. ಅದರಿಂದ ಹಿಚ್ ಮೇಲೆ ಎಷ್ಟು ಇಳಿಯುತ್ತದೆಂಬುದು ತೊಟ್ಟಿಯಿರುವ ಸ್ಥಳವನ್ನು ಅವಲಂಬಿಸಿದೆ. ಎರಡನೆಯದು, ಚಿಕ್ಕ ಟ್ರೇಲರನ್ನು ಆರಿಸುವುದು. ಮೂರನೆಯದು, ಮೇಲಿನ ದರ್ಜೆಯ ಟ್ರಕ್ಕನ್ನು ಕೊಳ್ಳುವುದು. ಅಲ್ಲಿಯೂ ಎಚ್ಚರ ಬೇಕು: ಡೀಸೆಲ್ ಎಂಜಿನ್ ಭಾರವಾದುದರಿಂದ, ಹೆಚ್ಚು ಎಳೆಯುವ ಡೀಸೆಲ್ ಟ್ರಕ್ಕು ಅದೇ ದರ್ಜೆಯ ಪೆಟ್ರೋಲ್ ಟ್ರಕ್ಕಿಗಿಂತ ಕಡಿಮೆ ಹೊರುವುದುಂಟು.

ಹೆಚ್ಚುವರಿ ಸ್ಪ್ರಿಂಗ್ ಅಥವಾ ಗಾಳಿಚೀಲ ಹಾಕಿಸುವುದು ನಾಲ್ಕನೆಯ ದಾರಿಯಲ್ಲ. ಅವು ಕುಸಿದ ಹಿಂಭಾಗವನ್ನು ಮೇಲೆತ್ತುತ್ತವೆಯೇ ಹೊರತು ಫಲಕದ ಮೇಲಿನ ಮಿತಿಯನ್ನು ಹೆಚ್ಚಿಸುವುದಿಲ್ಲ. ಭಾರವನ್ನು ಮುಂದಿನ ಆಕ್ಸಲ್ಲಿಗೂ ಹಂಚುವ ವಿಶೇಷ ಹಿಚ್ ಉಪಯುಕ್ತವೇ. ಅದೂ ಪೇಲೋಡ್ ಮಿತಿಯನ್ನು ಏರಿಸಲಾರದು. ಕೊನೆಯ ತೀರ್ಪು ವೇಬ್ರಿಡ್ಜಿನದು. ಹೆದ್ದಾರಿ ಬದಿಯ ಟ್ರಕ್ ತಂಗುದಾಣಗಳಲ್ಲಿ ಅಲ್ಪ ಶುಲ್ಕಕ್ಕೆ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರಿನ ಆಕ್ಸಲ್‌ಗಳ ಭಾರವನ್ನು ಬೇರೆ ಬೇರೆಯಾಗಿ ತೂಗಿ ಚೀಟಿ ಕೊಡುತ್ತಾರೆ.

ಪ್ರಚಾರದ ಅಂಕಿಗೆ ಶಿಸ್ತು

ಬಹುಕಾಲದವರೆಗೆ ಪ್ರತಿ ತಯಾರಕನೂ ಎಳೆಯುವ ಸಾಮರ್ಥ್ಯವನ್ನು ತನ್ನದೇ ವಿಧಾನದಿಂದ ನಿರ್ಧರಿಸಿ ಘೋಷಿಸುತ್ತಿದ್ದನು. 2008ರಲ್ಲಿ ಅಲ್ಲಿನ ವಾಹನ ಎಂಜಿನಿಯರುಗಳ ಸಂಸ್ಥೆಯಾದ ಎಸ್.ಎ.ಇ., ಜೆ2807 ಎಂಬ ಸಮಾನ ಮಾನದಂಡವನ್ನು ಪ್ರಕಟಿಸಿತು. ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ ಬಿಸಿಲಿನ ಏರುದಾರಿಯು ಅದರ ಪರೀಕ್ಷೆಗಳಲ್ಲೊಂದಕ್ಕೆ ಆಧಾರ. ಮೊದಲು ಒಪ್ಪಿಕೊಂಡ ಟೊಯೊಟಾ, 2011ರ ಮಾದರಿಗಳಲ್ಲಿ ತನ್ನ ಘೋಷಿತ ಅಂಕಿಗಳನ್ನು ತಾನೇ ಇಳಿಸಬೇಕಾಯಿತು. ಪ್ರತಿಸ್ಪರ್ಧಿಗಳು ಹಳೆಯ ಅಂಕಿಗಳನ್ನೇ ಮುಂದುವರಿಸಿದುದರಿಂದ ಕೆಲ ವರ್ಷ ಜಾಹೀರಾತಿನ ಹೋಲಿಕೆಯಲ್ಲಿ ಅದು ಹಿಂದೆ ಉಳಿಯಿತು. 2015ರ ಮಾದರಿಗಳ ವೇಳೆಗೆ ಪ್ರಮುಖ ಪಿಕಪ್ ತಯಾರಕರೂ ಅದೇ ಮಾನದಂಡಕ್ಕೆ ಬಂದರು. ಆದರೂ ಆ ಪರೀಕ್ಷೆಯಲ್ಲಿ ಪರಿಗಣಿಸುವುದು ತಲಾ 150 ಪೌಂಡಿನ ಚಾಲಕ ಮತ್ತು ಒಬ್ಬ ಸಹಪ್ರಯಾಣಿಕನನ್ನು ಮಾತ್ರ ಎಂಬುದನ್ನು ನಾಲ್ವರ ಕುಟುಂಬ ಮರೆಯಬಾರದು.

ಟ್ರೇಲರುಗಳ ವಿಷಯದಲ್ಲಿ ಸರ್ಕಾರವೇ ಮಧ್ಯೆ ಪ್ರವೇಶಿಸಿತು. ಸರಕು ಸಾಮರ್ಥ್ಯದ ಚೀಟಿಯನ್ನು ಕಡ್ಡಾಯಗೊಳಿಸಿದ ಕೇಂದ್ರ ನಿಯಮ 2007ರ ಡಿಸೆಂಬರಿನಲ್ಲಿ ಪ್ರಕಟವಾಗಿ ಮರುವರ್ಷ ಜಾರಿಗೆ ಬಂದಿತು. ಮಾರಾಟಕ್ಕೆ ಮುಂಚೆ ಡೀಲರು ಸೇರಿಸಿದ ಸಲಕರಣೆಯ ತೂಕವು 100 ಪೌಂಡ್ ಅಥವಾ ಗರಿಷ್ಠ ಒಟ್ಟು ತೂಕದ ಶೇ. 1.5, ಇವೆರಡರಲ್ಲಿ ಕಡಿಮೆಯಾದುದನ್ನು ಮೀರಿದರೆ ಚೀಟಿಯನ್ನೂ ತಿದ್ದತಕ್ಕದ್ದು.

ಹಣಕಾಸಿನ ಮುಖ

ಅಮೆರಿಕದಲ್ಲಿ ಇಂತಹ ಖರೀದಿಗೆ ಹತ್ತು ವರ್ಷಕ್ಕೂ ಮೀರಿದ ಸಾಲ ಸಾಮಾನ್ಯ. ಮಲಗುವ, ಅಡುಗೆ ಮಾಡುವ ಹಾಗೂ ಶೌಚದ ಸೌಲಭ್ಯಗಳಿದ್ದು, ಸಾಲಕ್ಕೆ ಆ ಗಾಲಿಮನೆಯೇ ಭದ್ರತೆಯಾಗಿದ್ದರೆ, ಅದನ್ನು ಎರಡನೆಯ ಮನೆಯೆಂದು ಪರಿಗಣಿಸಿ ಬಡ್ಡಿಗೆ ನಿಯಮಾನುಸಾರ ತೆರಿಗೆ ಕಡಿತ ಪಡೆಯಬಹುದು. ಆದರೆ ಇದು ಬೆಲೆ ಏರುವ ಮನೆಯಲ್ಲ, ಸವೆಯುವ ವಾಹನ. ಮೊದಲು ಟ್ರೇಲರ್ ಕೊಂಡು ಅನಂತರ ಟ್ರಕ್ಕು ಸಾಲದೆಂದು ತಿಳಿದವನು ಎರಡನೆಯ ಸಾಲಕ್ಕೆ ಸಹಿ ಹಾಕಬೇಕಾಗುತ್ತದೆ. ಭಾರದ ಲೆಕ್ಕ ಬೆಲೆಯ ಮಾತುಕತೆಗಿಂತ ಮೊದಲೇ ಆಗಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ನಮ್ಮ ಸರಕು ವಾಹನಗಳಿಗೂ ಇದೇ ಲೆಕ್ಕ

ಟಾಯ್ ಹಾಲರ್ ನಮ್ಮ ರಸ್ತೆಗಳ ವಾಹನವಲ್ಲ. ಆದರೆ ಪ್ರತ್ಯೇಕ ಮಿತಿಗಳ ತತ್ತ್ವವು ಕರ್ನಾಟಕದ ಕಾರ್ಖಾನೆಯಿಂದ ಹೊರಡುವ ಲಾರಿಗೂ ಅಷ್ಟೇ ಅನ್ವಯಿಸುತ್ತದೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರವು ಆಕ್ಸಲ್ ಭಾರದ ಮಿತಿಗಳನ್ನು ಪರಿಷ್ಕರಿಸಿದಾಗ, ನಾಲ್ಕು ಟೈರುಗಳ ಒಂಟಿ ಆಕ್ಸಲ್ಲಿನ ಮಿತಿ 10.2 ಟನ್‌ನಿಂದ 11.5 ಟನ್‌ಗೆ ಏರಿತು. ಲಾರಿಯ ಒಟ್ಟು ತೂಕ ಆರ್.ಸಿ.ಯಲ್ಲಿ ನಮೂದಾದ ಮಿತಿಯೊಳಗಿದ್ದರೂ, ಸರಕನ್ನೆಲ್ಲ ಹಿಂದಕ್ಕೆ ಪೇರಿಸಿದರೆ ಹಿಂದಿನ ಆಕ್ಸಲ್ ಮಿತಿ ಮೀರಬಹುದು. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯಂತೆ ಮಿತಿಮೀರಿದ ಭಾರಕ್ಕೆ ದಂಡ 20,000 ರೂಪಾಯಿ. ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ. ಸರಕು ಇಳಿಸುವ ವೆಚ್ಚ ಇದರ ಮೇಲೆ. ಇಳಿಸುವವರೆಗೆ ವಾಹನ ಕದಲುವಂತಿಲ್ಲ. ಚಾಲಕನು ಬೇರೆಯವನಾಗಿದ್ದರೂ, ಅಪರಾಧವು ಮಾಲೀಕನ ಅರಿವಿನಿಂದಲೇ ನಡೆಯಿತೆಂದು ನ್ಯಾಯಾಲಯ ಭಾವಿಸಬಹುದೆಂದು 113ನೆಯ ಕಲಮು ಹೇಳುತ್ತದೆ.

ಆದುದರಿಂದ ವಾಹನ ಕೊಳ್ಳುವ ಮುನ್ನ ಅಶ್ವಶಕ್ತಿಯನ್ನು ವಿಚಾರಿಸುವುದರ ಜೊತೆಗೆ ಖಾಲಿ ತೂಕ, ಒಟ್ಟು ತೂಕ, ಆಕ್ಸಲ್‌ವಾರು ಮಿತಿ ಇವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು ಲೇಸು. ಬಾಡಿ ಕಟ್ಟಿಸಿದ ಮೇಲೆ ಒಮ್ಮೆ, ರೂಢಿಯ ಸರಕು ತುಂಬಿದ ಮೇಲೆ ಇನ್ನೊಮ್ಮೆ ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ಆ ಅಂಕಿಗಳನ್ನೂ ಪಕ್ಕದಲ್ಲಿ ಸೇರಿಸಬೇಕು. ಆ ಹಾಳೆಯಲ್ಲಿ ಅತಿ ಕಡಿಮೆ ಉಳಿಕೆ ತೋರಿಸುವ ಸಾಲು ಯಾವುದೋ, ವಾಹನದ ಯೋಗ್ಯತೆಯನ್ನು ನಿರ್ಧರಿಸುವುದು ಅದೇ.