ಮಡಿಯದ ಬೆರಳಿನ ಲೆಕ್ಕ

ಹೆಬ್ಬೆರಳನ್ನು ಬಿಟ್ಟರೆ ನಮ್ಮ ಕೈಯ ಪ್ರತಿಯೊಂದು ಬೆರಳಿಗೂ ಮೂರು ಕೀಲುಗಳುಂಟು. ಅಂಗೈಗೆ ಸೇರಿದ ಬುಡಗೆಣ್ಣು 90 ಡಿಗ್ರಿಯವರೆಗೂ, ನಡುಗೆಣ್ಣು 100 ಡಿಗ್ರಿಯವರೆಗೂ, ತುದಿಗೆಣ್ಣು 70 ಅಥವಾ 80 ಡಿಗ್ರಿಯವರೆಗೂ ಮಡಿಯುತ್ತವೆ. ಈ ಮೂರು ಕೋನಗಳನ್ನು ಕೂಡಿದರೆ ಹತ್ತಿರ ಹತ್ತಿರ ಮುಕ್ಕಾಲು ಸುತ್ತಾಗುವುದು. ಆದುದರಿಂದಲೇ ಬೆರಳು ಸುರುಳಿಗೊಂಡು ಅಂಗೈಯನ್ನು ಮುಟ್ಟಬಲ್ಲದು. ನಾವು ಸುತ್ತಿಗೆಯ ಹಿಡಿಯನ್ನು ಬಿಗಿಯಾಗಿ ಹಿಡಿಯಬಲ್ಲೆವು.

ಗಾಯದಿಂದಲೋ ಮೂಳೆಮುರಿತದಿಂದಲೋ ಕೀಲಿನ ಒಳಮೈ ಕೆಟ್ಟು ಮೂಳೆಗಳು ಬೆಸೆದುಕೊಂಡರೆ, ಅಥವಾ ಸುತ್ತಣ ಅಂಗಾಂಶಗಳು ಕುಗ್ಗಿ ಗಡುಸಾದರೆ, ಕೀಲು ಒಂದೇ ಕೋನದಲ್ಲಿ ನಿಂತುಬಿಡುವುದು. ವೈದ್ಯರು ಇದನ್ನು ಆಂಕಿಲೋಸಿಸ್ ಎನ್ನುತ್ತಾರೆ. ನಾವು ಕೀಲುಬಿಗಿತ ಎನ್ನೋಣ. ಸೈನ್ಯದ ಸೇವೆಯಲ್ಲಿ ಹೀಗೆ ಬೆರಳು ಬಿಗಿದುಹೋದವನಿಗೆ ಸರ್ಕಾರ ಎಷ್ಟು ಪರಿಹಾರ ಕೊಡಬೇಕು? ನಷ್ಟವನ್ನು ಅಳೆಯುವುದಾದರೂ ಹೇಗೆ?

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದಕ್ಕಾಗಿ ಮಾಜಿ ಸೈನಿಕರ ಅಂಗವೈಕಲ್ಯದ ಪಟ್ಟಿಯೊಂದಿದೆ. 1945ರ ಈ ಪಟ್ಟಿ ಹಲವು ಬಾರಿ ತಿದ್ದುಪಡಿಯಾಗಿದೆ. ಬೆರಳುಗಳ ಭಾಗವನ್ನು 2002ರಲ್ಲಿ ಪರಿಷ್ಕರಿಸಲಾಯಿತು. ಗಾಯವೊಂದು ಮನುಷ್ಯನ ಗಳಿಕೆಯ ಶಕ್ತಿಯನ್ನು ಸರಾಸರಿಯಲ್ಲಿ ಎಷ್ಟು ಕುಗ್ಗಿಸುವುದೆಂಬುದೇ ಇಲ್ಲಿಯ ಅಳತೆ. ಅದನ್ನು ಶೇಕಡ ಲೆಕ್ಕದಲ್ಲಿ, ಹತ್ತು ಹತ್ತರ ಮೆಟ್ಟಿಲುಗಳಲ್ಲಿ ಹೇಳುತ್ತಾರೆ.

ಕೀಲು ಬಿಗಿದಿದೆಯೆಂಬುದಷ್ಟೇ ಇಲ್ಲಿ ಸಾಲದು. ಯಾವ ಕೋನದಲ್ಲಿ ಬಿಗಿದಿದೆಯೆಂಬುದನ್ನೂ ನೋಡಬೇಕು. ಲೋಟವನ್ನು ಹಿಡಿಯಹೊರಟ ಕೈಯನ್ನು ಗಮನಿಸಿರಿ. ಮಣಿಕಟ್ಟು ತುಸು ಹಿಂದಕ್ಕೆ ಬಾಗಿರುವುದು, ಬೆರಳುಗಳು ಅರೆಮಡಿದಿರುವುವು, ಹೆಬ್ಬೆರಳು ಅವುಗಳಿಗೆ ಎದುರಾಗಿ ನಿಂತಿರುವುದು. ಮಣಿಕಟ್ಟು 20ರಿಂದ 30 ಡಿಗ್ರಿ ಹಿಂದಕ್ಕೆ ಬಾಗಿ, ಬುಡಗೆಣ್ಣು ನಡುಗೆಣ್ಣುಗಳು 30 ಡಿಗ್ರಿ ಮಡಿದಿರುವ ಇಂಥ ಭಂಗಿಯನ್ನೇ ಪಟ್ಟಿ ಕೈಯ ಕಾರ್ಯಸ್ಥಿತಿಯೆಂದು ಕರೆಯುತ್ತದೆ. ಈ ಸ್ಥಿತಿಯಲ್ಲಿ ಬಿಗಿದ ಬೆರಳು ವಸ್ತುವಿಗೆ ಆಸರೆಯಾದರೂ ಆದೀತು. ನೆಟ್ಟಗೆ ಬಿಗಿದ ಬೆರಳಾದರೋ ಹಿಡಿತಕ್ಕೆ ಸೇರದೆ ಹೊರಗೆ ಚಾಚಿಕೊಂಡಿರುವುದು. ಪೂರ್ತಿ ಮಡಿದು ಬಿಗಿದದ್ದು ಅಂಗೈಯನ್ನೇ ಮುಚ್ಚುವುದು. ಬೆರಳಿನ ಒಂದೇ ಗೆಣ್ಣು ಬಿಗಿದಿದ್ದರೆ, ಆದಷ್ಟೂ ಮಡಿಸಿದಾಗ ಬೆರಳ ತುದಿಗೂ ಅಂಗೈಯ ಮೇಲಣ ಅಡ್ಡಗೆರೆಗೂ ನಡುವೆ ಉಳಿಯುವ ಅಂತರವನ್ನು ಅಳೆಯುತ್ತಾರೆ. ಅದು ಎರಡು ಅಂಗುಲವನ್ನು ಮೀರಿದರೆ ಪ್ರತಿಕೂಲ ಬಿಗಿತ; ಮೀರದಿದ್ದರೆ ಅನುಕೂಲ ಬಿಗಿತ. ಬುಡಗೆಣ್ಣು ನಡುಗೆಣ್ಣುಗಳೆರಡೂ ಬಿಗಿದಿದ್ದರೆ, ಕೋನ ಎಷ್ಟೇ ಅನುಕೂಲವಾಗಿದ್ದರೂ ಪ್ರತಿಕೂಲವೆಂದೇ ಎಣಿಕೆ.

ಇನ್ನು ಬೆರಳುಗಳ ತಾರತಮ್ಯ. ಹೆಬ್ಬೆರಳೊಂದೇ ಪ್ರತಿಕೂಲವಾಗಿ ಬಿಗಿದರೆ ಶೇಕಡ 20, ಅನುಕೂಲವಾಗಿದ್ದರೆ 10. ತೋರುಬೆರಳಿಗೂ ನಡುಬೆರಳಿಗೂ ಎರಡು ಸ್ಥಿತಿಗಳಲ್ಲಿಯೂ 10. ಉಂಗುರಬೆರಳಿಗೂ ಕಿರುಬೆರಳಿಗೂ ಸೊನ್ನೆ! ಒಂದು ಕೈಯ ಐದು ಬೆರಳುಗಳೂ ಪ್ರತಿಕೂಲವಾಗಿ ಬಿಗಿದಾಗ, ರೂಢಿಯಲ್ಲಿ ಹೆಚ್ಚಾಗಿ ಬಳಸುವ ಕೈಯಾದರೆ 60, ಇನ್ನೊಂದಾದರೆ 50. ಸೊನ್ನೆಯೆಂದರೆ ಗಾಯವನ್ನು ಸೇವೆಯ ಫಲವೆಂದು ಸರ್ಕಾರ ಒಪ್ಪಿದೆ, ಆದರೆ ಸಾಮಾನ್ಯವಾಗಿ ಮಾಸಿಕ ಪರಿಹಾರಧನವಿಲ್ಲವೆಂದು ಅರ್ಥ.

ಈ ಸೊನ್ನೆ ನ್ಯಾಯವೇ? ಒಂದು ಸಣ್ಣ ಪ್ರಯೋಗವನ್ನು ಮಾಡಿ ನೋಡಿರಿ. ಅಂಗೈಯನ್ನು ಮೇಲುಮಾಡಿ ಮೇಜಿನ ಮೇಲಿಟ್ಟು, ಉಂಗುರಬೆರಳೊಂದನ್ನು ಬಿಟ್ಟು ಉಳಿದವನ್ನು ಇನ್ನೊಂದು ಕೈಯಿಂದ ನೆಟ್ಟಗೆ ಒತ್ತಿ ಹಿಡಿಯಿರಿ. ಈಗ ಉಂಗುರಬೆರಳನ್ನು ಮಡಿಸಿದರೆ ನಡುಗೆಣ್ಣು ಮಡಿಯುವುದು. ತುದಿಗೆಣ್ಣು ಮಾತ್ರ ಬಲವಿಲ್ಲದೆ ಸಡಿಲವಾಗಿಯೇ ಉಳಿಯುವುದು. ಬೆರಳ ತುದಿಗಳನ್ನು ಮಡಿಸುವ ಸ್ನಾಯು ಮುಂಗೈಯಲ್ಲಿದೆ. ನಡು, ಉಂಗುರ, ಕಿರು ಬೆರಳುಗಳಿಗೆ ಹೋಗುವ ಅದರ ಕಂಡರಗಳು ಒಂದೇ ನೊಗಕ್ಕೆ ಕಟ್ಟಿದ ಹಗ್ಗಗಳಂತೆ ಕೂಡಿಕೊಂಡಿವೆ. ಒಂದು ಹಗ್ಗ ಸಿಕ್ಕಿಬಿದ್ದರೆ ಉಳಿದವೂ ಪೂರ್ಣವಾಗಿ ಎಳೆಯಲಾರವು. ಆದುದರಿಂದ ಒಂದು ಬೆರಳಿನ ಬಿಗಿತ ಒಮ್ಮೊಮ್ಮೆ ನೆರೆಯ ಬೆರಳುಗಳ ಹಿಡಿತವನ್ನೂ ಕುಂದಿಸುವುದು. ಪಟ್ಟಿ ಇದನ್ನು ಮರೆತಿಲ್ಲ. ಇತರ ಬೆರಳುಗಳ ಚಲನೆಯೋ ಇಡೀ ಕೈಯ ಕೆಲಸವೋ ಕೆಟ್ಟಿದ್ದರೆ ಅದಕ್ಕೆ ಬೇರೆ ಅಂಕಿ ಸಲ್ಲುವುದೇ ಎಂದು ಪರಿಶೀಲಿಸಬೇಕೆಂದು ಸೊನ್ನೆಯ ಪಕ್ಕದಲ್ಲಿಯೇ ಸೂಚಿಸಿದೆ. ಬಿಗಿದ ಬೆರಳನ್ನು ಮಾತ್ರ ಅಳೆದು ಕೈಬಿಟ್ಟರೆ ಸೈನಿಕನಿಗೆ ನಷ್ಟವಾಗುವುದು ಇಲ್ಲಿಯೇ.

ಬೇರೆ ಬೇರೆ ಗಾಯಗಳನ್ನು ಕೂಡಿಸುವ ರೀತಿಯೂ ವಿಚಿತ್ರವೆನಿಸುತ್ತದೆ. ಮೊಣಕಾಲಿಗೆ 30, ಹೆಬ್ಬೆರಳಿಗೆ 20 ಎಂದಿಟ್ಟುಕೊಳ್ಳೋಣ. ಮೊತ್ತ 50 ಅಲ್ಲ. ಬೆಳಕು ಎರಡು ಬಣ್ಣದ ಗಾಜುಗಳನ್ನು ಹಾಯುವಾಗ, ಮೊದಲನೆಯದು ಉಳಿಸಿದ ಬೆಳಕನ್ನಷ್ಟೇ ಎರಡನೆಯದು ಹೀರುವುದಲ್ಲವೆ? ಹಾಗೆಯೇ ಮೊಣಕಾಲು 30ನ್ನು ಕಳೆದ ಮೇಲೆ ಉಳಿದ ಸಾಮರ್ಥ್ಯ 70. ಅದರಲ್ಲಿ ಶೇಕಡ 20 ಎಂದರೆ 14. ಒಟ್ಟು 44, ಹತ್ತಿರದ ಹತ್ತಕ್ಕೆ ಇಳಿಸಿದರೆ 40. ಈ ಕ್ರಮದಲ್ಲಿ ಎಷ್ಟು ಗಾಯಗಳಿದ್ದರೂ ಮೊತ್ತ 100ನ್ನು ಮೀರಲಾರದು.

ಅಳತೆ ಕಣ್ಣಂದಾಜಿನಿಂದ ಆಗತಕ್ಕುದಲ್ಲ. ಗೋನಿಯೋಮೀಟರ್ ಎಂಬ ಕೋನಮಾಪಕದಿಂದ ಆಗಬೇಕು. ತೋರುಬೆರಳು ಪೂರ್ತಿ ಬಿಗಿಯದೆ ಕೊಂಚ ಮಡಿಯುವಂತಿದ್ದರೆ, ಅಂತರ ಒಂದು ಅಂಗುಲವೋ ಹೆಚ್ಚೋ ಆದಾಗ 10, ಅದಕ್ಕಿಂತ ತುಸು ಕಡಮೆಯಾದರೂ ಸೊನ್ನೆ. ಬೆಳಗಿನಲ್ಲಿ ಒಮ್ಮೆ ಮಡಿಯುವ ಬೆರಳು ದಿನದ ದುಡಿಮೆಯ ನಂತರ ಮಡಿಯದಿರಬಹುದು. ಆದುದರಿಂದಲೇ ನೋವು, ದೌರ್ಬಲ್ಯ, ದಣಿವುಗಳಿಂದ ಕುಗ್ಗುವ ಚಲನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನಿಯಮ ಹೇಳುತ್ತದೆ. ಅಳತೆಗೋಲು ಎಷ್ಟೇ ನಿಖರವಾಗಿರಲಿ, ಏನನ್ನು, ಯಾವ ಹೊತ್ತಿನಲ್ಲಿ, ಯಾವ ಸ್ಥಿತಿಯಲ್ಲಿ ಅಳೆದೆವೆಂಬುದನ್ನು ಅರಿಯದೆ ಅಂಕಿಗೆ ಅರ್ಥವಿಲ್ಲ. ಪ್ರಯೋಗಶಾಲೆಯಲ್ಲಿ ನಾವು ಕಲಿಯುವ ಈ ಪಾಠದ ಮೇಲೆ ಇಲ್ಲಿ ಒಬ್ಬ ಮನುಷ್ಯನ ಜೀವನೋಪಾಯವೇ ನಿಂತಿದೆ.