ಬೋರ್‌ವೆಲ್ ನೀರಿನಲ್ಲಿ ಪೆಟ್ರೋಲಿನ ಅಂಶ: ಮಣ್ಣು ಮತ್ತು ಅಂತರ್ಜಲದ ಪರೀಕ್ಷೆ ಹೇಗೆ?

ಬದಲಾಪುರ, ಅಂಬರ್‌ನಾಥ್, ಕಲ್ಯಾಣ್, ಡೊಂಬಿವಲಿ ಪರಿಸರದಲ್ಲಿ ನೆಲೆನಿಂತಿರುವ ನಮ್ಮವರ ಮನೆಗಳಿಗೆ ಕುಡಿಯುವ ನೀರು ಬಹುತೇಕ ಉಲ್ಹಾಸ್ ನದಿ ಮತ್ತು ಬಾರ್ವಿ ಅಣೆಕಟ್ಟಿನಿಂದ ಬರುತ್ತದೆ. ಆದರೆ ಬೇಸಗೆಯಲ್ಲಿ ನಳದ ನೀರು ಸಾಲದಾದಾಗ ಸೊಸೈಟಿಯ ಬೋರ್‌ವೆಲ್ಲೇ ಆಸರೆ. ಆ ನೀರಿಗೆ ಸಮೀಪದ ಪೆಟ್ರೋಲ್ ಪಂಪಿನದೋ ಡೀಸೆಲ್ ಟಾಂಕಿಯದೋ ಸೋರಿಕೆ ಸೇರಿದರೆ ಅದನ್ನು ಪತ್ತೆಹಚ್ಚುವುದು ಹೇಗೆಂಬುದನ್ನು ನಾವೆಲ್ಲ ತಿಳಿದಿರುವುದು ಒಳಿತು.

ಇದು ಬರಿಯ ಊಹೆಯ ಭಯವಲ್ಲ. 2013ರಲ್ಲಿ ಚೆನ್ನೈಯ ತೊಂಡಿಯಾರ್‌ಪೇಟೆಯಲ್ಲಿ ಮನೆಗಳ ಬೋರ್‌ವೆಲ್‌ಗಳಿಂದ ನೀರಿನೊಡನೆ ತೈಲವೂ ಮೇಲೆ ಬಂದಿತು. ಬಂದರಿನಿಂದ ಸಂಗ್ರಹಾಗಾರಕ್ಕೆ ಹೋಗುವ ಭೂಗತ ಕೊಳವೆಯ ಸೋರಿಕೆ ಅದಕ್ಕೆ ಕಾರಣವಾಗಿತ್ತು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು.

ಪೆಟ್ರೋಲು, ಡೀಸೆಲ್‌ಗಳು ನೀರಿಗಿಂತ ಹಗುರ. ಸೋರಿದ ತೈಲ ಮಣ್ಣಿನ ಮೂಲಕ ಕೆಳಗಿಳಿದು, ಅಂತರ್ಜಲದ ಮಟ್ಟ ಮುಟ್ಟಿದೊಡನೆ ಅದರ ಮೇಲೆ ಹರಡಿ ತೇಲುತ್ತದೆ. ಈ ಪದರಕ್ಕಿಂತಲೂ ಚಿಂತೆಗೆ ಕಾರಣವಾಗುವುದು ಅದರಿಂದ ನೀರಿಗೆ ಕರಗುವ ಬೆಂಜೀನ್. ರಕ್ತದ ಕ್ಯಾನ್ಸರಿಗೆ ಕಾರಣವೆಂದು ಸಿದ್ಧಪಟ್ಟಿರುವ ಈ ರಾಸಾಯನಿಕ ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ ವಾಸನೆ ಮೂಗಿಗೆ ತಿಳಿಯುವಷ್ಟರಲ್ಲಿ ಈ ಮಿತಿಯನ್ನು ಎಷ್ಟೋ ಪಟ್ಟು ದಾಟಿ ಆಗಿರುತ್ತದೆ.

ಬದಲಾಪುರದ ನೆಲ ದಖ್ಖನಿನ ಕಪ್ಪು ಬಸಾಲ್ಟ್ ಶಿಲೆಯದು. ಮೇಲೆ ಮಣ್ಣು, ಅದರಡಿ ಮುರುಮ್, ಅದಕ್ಕೂ ಕೆಳಗೆ ಬಿರುಕುಬಿಟ್ಟ ಬಂಡೆ. ಮರಳು ನೆಲದಲ್ಲಾದರೆ ತೈಲ ಸಾಗುವ ದಿಕ್ಕನ್ನು ಊಹಿಸಬಹುದು. ಬಂಡೆಯಲ್ಲಿ ಅದು ಬಿರುಕು ಇದ್ದತ್ತ ಹೋಗುತ್ತದೆ. ಪಕ್ಕದ ಬಾವಿ ಶುದ್ಧವಾಗಿದ್ದು, ಎರಡು ಕಟ್ಟಡಗಳಾಚೆಯ ಬೋರ್‌ವೆಲ್ ಕೆಟ್ಟಿರುವುದೂ ಸಾಧ್ಯ. ಮೇಲಾಗಿ ಇಲ್ಲಿಯ ಮಳೆ! 2019ರ ಜುಲೈ 27ರಂದು ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದಲಾಪುರ-ವಾಂಗಣಿ ನಡುವೆ ನೆರೆನೀರಿನಲ್ಲಿ ಸಿಲುಕಿದ್ದು ಎಲ್ಲರಿಗೂ ನೆನಪಿದೆ. ಮಳೆಗಾಲದಲ್ಲಿ ಅಂತರ್ಜಲದೊಡನೆ ಏರುವ ತೈಲ, ಬೇಸಗೆಯಲ್ಲಿ ನೀರು ಇಳಿಯುವಾಗ ಮಣ್ಣಿಗೆ ಮೆತ್ತಿಕೊಂಡು ಉಳಿಯುತ್ತದೆ. ಆದ್ದರಿಂದ ಒಂದೇ ಬಾರಿ ಮಾದರಿ ತೆಗೆದು ಮುಗಿಸುವುದು ನಮ್ಮ ಅಭಿಪ್ರಾಯದಲ್ಲಿ ಅರ್ಧ ಕೆಲಸ. ಮಳೆಗೆ ಮುನ್ನ ಹಾಗೂ ಮಳೆಯ ನಂತರ, ಎರಡು ಬಾರಿಯಾದರೂ ಪರೀಕ್ಷೆ ನಡೆಯಬೇಕು.

ಕ್ರಮಬದ್ಧ ಪರೀಕ್ಷೆಗೆ ಕನಿಷ್ಠ ಮೂರು ಪರಿವೀಕ್ಷಣಾ ಬಾವಿಗಳನ್ನು ತ್ರಿಕೋನಾಕಾರವಾಗಿ ಕೊರೆಯುತ್ತಾರೆ. ಮೂರರ ನೀರಿನ ಮಟ್ಟವನ್ನು ಹೋಲಿಸಿದರೆ ಹರಿವಿನ ದಿಕ್ಕು ತಿಳಿಯುತ್ತದೆ. ಬಾವಿಯ ಕೊಳವೆಯಲ್ಲಿ ಸೀಳುಗಳಿರುವ ಭಾಗ ನೀರಿನ ಮಟ್ಟದ ಮೇಲೂ ಕೆಳಗೂ ಚಾಚಿರಬೇಕು. ಕೆಳಗೆ ಮಾತ್ರ ಇದ್ದರೆ ತೇಲುವ ತೈಲ ಒಳಗೆ ಬಾರದೆ, ವರದಿ ಸುಳ್ಳು ನೆಮ್ಮದಿ ನೀಡುತ್ತದೆ. ಕೊಳವೆಗಳನ್ನು ಅಂಟು ಹಚ್ಚದೆ ತಿರುಪಿನಿಂದಲೇ ಜೋಡಿಸುತ್ತಾರೆ, ಏಕೆಂದರೆ ಅಂಟಿನ ದ್ರಾವಕವೇ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಬಹುದು.

ಕೊರೆದಾಗ ಬಂದ ಮಣ್ಣನ್ನು ರಾಶಿ ಹಾಕಿ ಸಂಜೆ ತುಂಬಿಕೊಳ್ಳುವಂತಿಲ್ಲ. ಬೆಂಜೀನ್ ಗಾಳಿಗೆ ಹಾರಿಹೋಗುವುದರಿಂದ, ಒಡನೆಯೇ ಸಣ್ಣ ನಳಿಕೆಯಿಂದ ತೆಗೆದು ಮುಚ್ಚಬೇಕು. ನೀರಿಗೆ ಬಳಸುವುದು ಸಾಮಾನ್ಯವಾಗಿ 40 ಮಿಲಿಲೀಟರಿನ ಗಾಜಿನ ಸೀಸೆ. ಒಂದು ಗುಳ್ಳೆಯೂ ಉಳಿಯದಂತೆ ಅಂಚಿನವರೆಗೆ ತುಂಬಿ, ಆಮ್ಲದ ಹನಿಗಳೊಂದಿಗೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಪ್ರಯೋಗಶಾಲೆಗೆ ಒಯ್ಯಬೇಕು. ಆಮ್ಲ ಸೇರಿಸಿದರೂ 14 ದಿನಗಳೊಳಗೆ ವಿಶ್ಲೇಷಣೆ ಮುಗಿಯಬೇಕು. ಶುದ್ಧ ನೀರಿನ ಮೊಹರಾದ ಸೀಸೆಯೊಂದೂ ಜೊತೆಗೆ ಪ್ರಯಾಣಿಸುತ್ತದೆ. ಅದರಲ್ಲೂ ಪೆಟ್ರೋಲಿನ ಅಂಶ ಕಂಡರೆ ತಪ್ಪು ದಾರಿಯಲ್ಲಾಗಿದೆ ಎಂದರ್ಥ. ಸ್ಯಾಂಪಲ್ ತೆಗೆಯುವಲ್ಲಿ ಜನರೇಟರ್ ಓಡುತ್ತಿದ್ದರೆ ಅದೂ ಮೋಸಮಾಡಬಲ್ಲದು.

ಸೋರಿಕೆಯ ವಯಸ್ಸನ್ನೂ ಒಂದಿಷ್ಟು ಅಂದಾಜಿಸಬಹುದು. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸರಹಿತ ಪೆಟ್ರೋಲು ಮಾತ್ರ ಮಾರಾಟವಾಗುತ್ತಿರುವುದರಿಂದ, ಪೆಟ್ರೋಲಿನೊಡನೆ ಬೆರೆಸುತ್ತಿದ್ದ ಸೀಸದ ಸಂಯುಕ್ತ ಮಣ್ಣಿನಲ್ಲಿ ದೊರೆತರೆ ಸೋರಿಕೆ ಹಳೆಯದೆನ್ನಲು ಅದೊಂದು ಸುಳಿವು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿಯಂತೆ ಹೊಸ ಪೆಟ್ರೋಲ್ ಪಂಪು ಶಾಲೆ, ಆಸ್ಪತ್ರೆ, ವಸತಿ ಪ್ರದೇಶಗಳಿಂದ 50 ಮೀಟರ್ ದೂರವಿರಬೇಕು. ಹೆಚ್ಚಿನ ಸುರಕ್ಷಾ ಕ್ರಮಗಳಿದ್ದರೂ 30 ಮೀಟರಿಗಿಂತ ಹತ್ತಿರ ಬರುವಂತಿಲ್ಲ. 2025ರ ಜುಲೈಯಲ್ಲಿ ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ಕೇಂದ್ರ ಸರಕಾರ ಪ್ರತ್ಯೇಕ ನಿಯಮಗಳನ್ನು ಹೊರಡಿಸಿದೆ. ಸ್ವಚ್ಛಗೊಳಿಸುವ ವೆಚ್ಚ ಮಾಲಿನ್ಯ ಮಾಡಿದವರದ್ದೇ ಎಂಬುದು ಅದರ ತಿರುಳು.

ಸೊಸೈಟಿಯ ಪದಾಧಿಕಾರಿಗಳು ಒಂದು ಮಾತನ್ನು ಗಮನಿಸಬೇಕು. ನೀರು ಕುಡಿಯಲು ಯೋಗ್ಯವೇ ಎಂದು ಮಾಡಿಸುವ ಸಾಮಾನ್ಯ ಪರೀಕ್ಷೆಯಲ್ಲಿ ಗಡಸುತನ, ಲವಣ, ರೋಗಾಣುಗಳನ್ನು ನೋಡುತ್ತಾರೆಯೇ ಹೊರತು ಬೆಂಜೀನನ್ನಲ್ಲ. ಅದನ್ನು ಹೆಸರಿಸಿಯೇ ಕೇಳಬೇಕು. ಭಾರತೀಯ ಮಾನಕ 10500ರಂತೆ ಖನಿಜ ತೈಲದ ಮಿತಿ ಲೀಟರಿಗೆ 0.5 ಮಿಲಿಗ್ರಾಂ, ಅದನ್ನೂ ಕೇಳಿ ಪರೀಕ್ಷಿಸಿಕೊಳ್ಳಬಹುದು. ವಾಸನೆ ಬಂದ ದಿನವೇ ಪಂಪು ನಿಲ್ಲಿಸಬೇಕು, ಏಕೆಂದರೆ ಪಂಪು ಓಡಿದಷ್ಟೂ ತೈಲ ನಮ್ಮ ಬಾವಿಯತ್ತ ಸೆಳೆಯಲ್ಪಡುತ್ತದೆ. ಪಂಪಿನ ಗುಂಡಿಯ ಬಳಿ ಬೆಂಕಿಕಡ್ಡಿ ಗೀರದೆ, ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಗೂ ನಗರಪರಿಷತ್ತಿಗೂ ಲಿಖಿತ ದೂರು ಸಲ್ಲಿಸಿ, ಅದರ ಸ್ವೀಕೃತಿ ಪಡೆದಿಟ್ಟುಕೊಳ್ಳಬೇಕು.